ಮಾಸ್ತರು ರೊಟ್ಟಿ ತಿಂದ ಗುರುವಾರ

ತಂಗಿ ಸೋತು ಹನ್ನೊಂದು ದಿನವಾಗಿತ್ತು. ಆಂಧ್ರದ ಗಡಿಯ ನಮ್ಮ ಆದೋನಿಯಲ್ಲಿ ಅದು ಗೊತ್ತಿದ್ದದ್ದು ನಾಲ್ಕು ಜನರಿಗೆ: ಅವಳಿಗೆ, ಅಪ್ಪನಿಗೆ, ಅಮ್ಮನಿಗೆ, ನನಗೆ. ಉಳಿದವರೆಲ್ಲ ಅವಳ ಗೆಲುವಿಗೆ ಕಾಯುತ್ತಿದ್ದರು.

ಅದು ಬೆಂಗಳೂರಿನ ಒಂದು ಚಾನೆಲ್ಲಿನ ಹಾಡಿನ ಸ್ಪರ್ಧೆ. ಶನಿವಾರ ಸಂಜೆ ಏಳೂವರೆಗೆ ಟೀವಿಯಲ್ಲಿ ಬರುವುದನ್ನು ಎರಡು ವಾರ ಮೊದಲೇ ಚಿತ್ರೀಕರಿಸಿ ಇಟ್ಟಿರುತ್ತಾರೆ. ನಿರೂಪಕ ಮಾತ್ರ ಎಲ್ಲವೂ ಈ ಕ್ಷಣವೇ ನಡೆಯುತ್ತಿದೆ ಎಂಬಂತೆ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ಹನ್ನೆರಡು ಜನರಲ್ಲಿ ಆರು ಜನರನ್ನು ಉಳಿಸಿಕೊಳ್ಳುವ ಸುತ್ತಿನಲ್ಲಿ ತೀರ್ಪುಗಾರರು ತಂಗಿಯನ್ನು ಹೊರಗೆ ಕಳಿಸಿದ್ದರು. ಕಳಿಸುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಫಲಿತಾಂಶವನ್ನು ಪ್ರಸಾರವಾಗುವವರೆಗೆ, ಚಿತ್ರೀಕರಣ ಯಾವತ್ತು ನಡೆಯಿತೆಂಬುದನ್ನು ಸೀಸನ್ ಮುಗಿಯುವವರೆಗೆ, ಮನೆಯವರ ಹೊರತು ಯಾರಿಗೂ ಹೇಳಕೂಡದು. ಹೊರಬಿದ್ದ ಆರು ಜನರಲ್ಲಿ ಒಬ್ಬರನ್ನು ಮುಂದೆ ವಾಪಸ್ ಕರೆಯುತ್ತಾರೆ. ಯಾರ ಕಡೆಯಿಂದ ಸುದ್ದಿ ಸೋರಿತೋ ಅವರನ್ನು ಕರೆಯುವುದಿಲ್ಲ. ಕರೆದೇ ಕರೆಯುತ್ತಾರೆ ಎಂದು ತಂಗಿ ನಂಬಿದ್ದಳು. ಸೋತವಳ ಹತ್ತಿರ ಉಳಿದಿದ್ದದ್ದು ಅದೊಂದೇ.

“ಶೂಟಿಂಗ್ ಗ್ಯಾಪ್ ಐತಿ. ಗಂಟಲಿಗೆ ರೆಸ್ಟ್ ಕೊಡ್ರಿ ಅಂದಾರ” ಎಂದು ಅಮ್ಮ ಓಣಿಗೆಲ್ಲ ಹೇಳಿಬಿಟ್ಟಳು. ಎದುರುಮನೆಯಾಕೆ ದಿನಕ್ಕೆರಡು ಸಲ ನನ್ನನ್ನು ತಡೆಯುತ್ತಿದ್ದರು. “ಏಮಮ್ಮಾ, ಚೆಲ್ಲೆಲು ಮಳ್ಳೀ ಎಪ್ಪುಡು ಪೋತುಂದಿ?” ಎಂದು ತೆಲುಗಿನಲ್ಲಿ ಶುರುಮಾಡಿ, ತಂಗಿ ಮತ್ತೆ ಯಾವಾಗ ಹೊರಡುತ್ತಾಳೆಂದು ನಾನು ಹೇಳುವಷ್ಟರಲ್ಲಿ ಕನ್ನಡಕ್ಕೆ ಹೊರಳುತ್ತಿದ್ದರು: “ಫೈನಲ್ಲಿಗೆ ನಮಗೂ ಎರಡು ಪಾಸ್ ಇಡಾಕ ಹೇಳು.”

ಇಷ್ಟೇ ಆಗಿದ್ದರೆ ಸುಳ್ಳು ಹೇಳಿಕೊಂಡು ಶನಿವಾರದ ತನಕ ದಿನ ತಳ್ಳಬಹುದಿತ್ತು. ಆದರೆ ಎರಡು ಓಣಿ ಆಚೆ ಮಾಸ್ತರು ಉಪವಾಸವಿದ್ದರು.

ತಂಗಿಗೆ ಹಾಡು ಕಲಿಸಿದವರು ಅವರು. ಹೊಳಗುಂದದ ಕಡೆಯವರು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಶುಕ್ರವಾರದ ಭಜನೆಗೆ ಹಾರ್ಮೋನಿಯಂ ಹಿಡಿದು ಕೂರುವವರು. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಮಾತ್ರೆ ನುಂಗುತ್ತಿದ್ದರು. ಅವರ ಉಪವಾಸಕ್ಕೆ ಕಾರಣ ನಾನು.

ಐದು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಕಪ್ ಗೆದ್ದು ತಂದವಳು ನಾನು. ಈ ಶೋ ಶುರುವಾದ ದಿನದಿಂದ ಸುಮ್ಮನಿರಲಿಲ್ಲ. ತೀರ್ಪುಗಾರರ ಕಣ್ಣಲ್ಲಿ ನೀರು ಬರುವುದಕ್ಕೂ ಜಾಹೀರಾತು ಬರುವುದಕ್ಕೂ ಎಷ್ಟು ಸೆಕೆಂಡು ಅಂತರ ಎಂದು ತೋರಿಸಿ ಮನೆಯವರ ಖುಷಿ ಕೆಡಿಸುತ್ತಿದ್ದೆ. ತಂಗಿ ಬೆಂಗಳೂರಿನಲ್ಲಿದ್ದಾಗ ಒಂದು ಭಾನುವಾರ ಮಾಸ್ತರ ಪಡಸಾಲೆಯಲ್ಲಿ ಶಿಷ್ಯರೆಲ್ಲ ಕೂತಿದ್ದರು. “ಉರುಕುಂದದ ಈರಣ್ಣಗ ಬೇಡಿಕೊಂಡೀನಿ. ಆರು ಮಂದ್ಯಾಗ ಆಕಿ ಇರ್ತಾಳ” ಅಂದರು ಮಾಸ್ತರು.

“ಬೇಡೋದು ಪುಕ್ಕಟೆ ಸಾರ್. ನಂಬಿಕಿ ಇದ್ದವರು ಏನರ ಪಣಕ್ಕ ಇಡತಾರ. ನೀವೇನು ಇಟ್ಟೀರಿ?” ಅಂದೆ.

ಎಲ್ಲರೂ ನಕ್ಕರು. ಅವರೂ ನಕ್ಕರು. ಮರುದಿನ ಸೋಮವಾರ ಬಸ್ಸು ಹತ್ತಿ ಉರುಕುಂದಕ್ಕೆ ಹೋಗಿ, ಹುಡುಗಿ ಆರು ಜನರಲ್ಲಿ ಸೇರುವ ತನಕ ರೊಟ್ಟಿ, ಅನ್ನ ಮುಟ್ಟುವುದಿಲ್ಲವೆಂದು ಹರಕೆ ಹೊತ್ತು ಬಂದರು. ಹಾಲು, ಬಾಳೆಹಣ್ಣು, ಅಷ್ಟೇ. ಅದೇ ವಾರದ ಶುಕ್ರವಾರ ತಂಗಿ ಸೋತಳು. ಗಂಟಲಿಗೆ ರೆಸ್ಟ್ ಎಂಬ ನೆಪ ಹಿಡಿದು ಅವಳು ಮಾಸ್ತರ ಮನೆಯ ಕಡೆ ಮುಖ ಹಾಕಲಿಲ್ಲ. ಗುರುವಿನ ಎದುರು ನಿಂತರೆ ತಡೆದುಕೊಳ್ಳಲು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹನ್ನೊಂದನೆಯ ದಿನ, ಮಂಗಳವಾರ, ನಾನೇ ಹೋದೆ. ಗುಟ್ಟು ಬಿಡದೆ ವಾದದಲ್ಲೇ ಹರಕೆ ಬಿಡಿಸಬೇಕೆಂದು ಹೋದದ್ದು. ಗೆಲ್ಲುವ ಸಾಕ್ಷಿ ಒಂದೇ ಇತ್ತು. ಅದನ್ನು ಮುಚ್ಚಿಟ್ಟುಕೊಂಡು ಮಾತಾಡಬೇಕಿತ್ತು. ಮಾಸ್ತರ ಕೊರಳಿನ ಎಲುಬು ಅಂಗಿಯ ಮೇಲೆ ಎದ್ದು ಕಾಣುತ್ತಿತ್ತು.

“ಬಾ ಲಾಯರಮ್ಮ. ಇವತ್ತು ಯಾವ ಕೇಸು?”

“ಸಾರ್, ಒಬ್ಬರು ಕೆಣಕಿದ್ರು ಅಂತ ಹೊತ್ತ ಹರಕಿ ಹರಕಿ ಆಗೋದಿಲ್ಲ. ಅದು ಜಿದ್ದು.”

“ನೀ ಕೆಣಕಿದ್ದಕ್ಕ ಹೊತ್ತೆ ಅಂತ ತಿಳಕೊಂಡಿಯಾ? ನೀ ಹೇಳಿದ್ದು ಸರಿ ಅನಿಸ್ತು, ಹೊತ್ತೆ. ಈಗ ನೀ ಹೇಳಿದ್ದು ತಪ್ಪು ಅಂತೀಯೇನು?”

ಮೊದಲ ಪಾಯಿಂಟು ಹೋಯಿತು. ಎರಡನೆಯದನ್ನು ಬಹಳ ಎಚ್ಚರದಿಂದ ಎತ್ತಿದೆ. “ಒಂದು ಮಾತಿಗೆ ಹೇಳ್ತೀನಿ ಸಾರ್. ಇಂಥ ಶೋ ಎಲ್ಲ ಮೊದಲೇ ಶೂಟ್ ಆಗಿರ್ತಾವಂತ. ಆಗಿಹೋದದ್ದಕ್ಕ ಉಪವಾಸ ಮಾಡಿದ್ರ ಏನು ಬಂತು?”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ನಿನಗೇನರ ಗೊತ್ತೈತೇನು?”

“ನನಗ್ಹೆಂಗ ಗೊತ್ತಿರತೈತಿ?”

“ಗೊತ್ತಿಲ್ಲಂದ್ರ ನಮ್ಮ ಪಾಲಿಗೆ ಅದು ಇನ್ನೂ ಆಗಿಲ್ಲ. ಮುಗೀತು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಲ್ಲಿ ಕೈ ಒರೆಸಿಕೊಂಡು, “ಮಾತಾಡಿ ಹೊಟ್ಟಿ ಕಟ್ಟಿಸಿದಾಕಿ ನೀನು. ಮಾತಾಡಿ ಬಿಡಿಸಾಕ ಬರವಲ್ದು” ಅಂದರು. ಅವರು ದನಿ ಏರಿಸಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮನೆಯಲ್ಲಿ ತಂಗಿಗೆ ಹೇಳಿದೆ. ಮಾಸ್ತರು ಸೊರಗಿದ್ದಾರೆ, ಹೇಳಿಬಿಡೋಣ ಎಂದೆ. ಅವಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತಿದ್ದಳು. “ಇನ್ನ ನಾಲ್ಕು ದಿನ ಅಕ್ಕ. ಶನಿವಾರ ಟೀವ್ಯಾಗ ಬಂದಮ್ಯಾಲೆ ತಾವೇ ಬಿಡತಾರ. ನಾಲ್ಕು ದಿನಕ್ಕ ನಂದೆಲ್ಲ ಹಾಳುಮಾಡಬ್ಯಾಡ.” ಅವಳ ಪರವಾಗಿಯೂ ನಾನು ಹತ್ತು ನಿಮಿಷ ವಾದಿಸಬಲ್ಲವಳಾಗಿದ್ದೆ. ಅದಕ್ಕೇ ಸುಮ್ಮನಾದೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೊಸೆಯ ಫೋನು. “ಜಲ್ದಿ ಬಾ, ಮಾವ ಏನೇನೋ ಮಾತಾಡಾಕತ್ಯಾರ.”

ಓಡಿದೆ. ಮಾಸ್ತರು ಗೋಡೆಗೆ ಒರಗಿ ಕುಸಿದಿದ್ದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಕೈ ಅದುರುತ್ತಿತ್ತು, ನನ್ನನ್ನು ಗುರುತಿಸದೆ “ಗಂಟಿ ಹೊಡೀತೇನು, ಹುಡುಗುರು ಬಂದ್ವೇನು” ಎನ್ನುತ್ತಿದ್ದರು. ಊಟವಿಲ್ಲದಿದ್ದರೂ ಮಾತ್ರೆ ತಪ್ಪಿಸಿರಲಿಲ್ಲ. ನೀರಿಗೆ ಸಕ್ಕರೆ ಸುರಿದು ಬಾಯಿಗೆ ಹಿಡಿದರೆ ತುಟಿ ಬಿಗಿದರು. ಆ ಸ್ಥಿತಿಯಲ್ಲೂ ಹರಕೆ ನೆನಪಿತ್ತು.

“ಸಕ್ಕರಿ ಹರಕ್ಯಾಗಿಲ್ಲ ಸಾರ್! ರೊಟ್ಟಿ, ಅನ್ನ ಎರಡೇ ಅಂದೀರಿ. ಕುಡೀರಿ!”

ನಾನು ಅವರೊಂದಿಗೆ ಗೆದ್ದ ವಾದ ಅದೊಂದೇ. ಕುಡಿದರು. ಕಾಲು ಗಂಟೆಯಲ್ಲಿ ಅದುರುವುದು ನಿಂತಿತು. ಸೊಸೆ ಡಾಕ್ಟರನ್ನು ಕರೆತರಲು ಹೋದರು. ಪಡಸಾಲೆಯಲ್ಲಿ ನಾವಿಬ್ಬರೇ.

“ಆಕಿ ಸೋತಾಳ ಸಾರ್. ಹದಿಮೂರು ದಿನ ಆತು.”

ಅವರು ಬೆರಳು ಮಡಿಸಿ ಎಣಿಸಿದರು. “ಹರಕಿ ಹೊತ್ತ ಐದನೇ ದಿನ.”

“ಹೌದು.”

ಕಾಗದ, ಸಹಿ, ವಾಪಸ್ ಕರೆಯುವ ಮಾತು, ಎಲ್ಲ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ. ಆಮೇಲೆ ಬಂದದ್ದು ನಾನು ನಿರೀಕ್ಷಿಸಿದ ಮಾತಲ್ಲ.

“ದಿನಾ ನಸುಕಿನ್ಯಾಗ ಎದ್ದು ಅವನ ಮುಂದ ಕೈಮುಗಿದು ನಿಂತೀನಿ. ಆಗಿಹೋದದ್ದನ್ನ ಕೊಡು ಕೊಡು ಅಂತ ಬೇಡೀನಿ. ನಿಮಗ ಗೊತ್ತಿತ್ತು. ನೋಡಿಕೋತ ಇದ್ರಿ.”

ಡಾಕ್ಟರು ಬಂದು ನೋಡಿ ಹೋದ ಮೇಲೆ ಅವರು ಸೊಸೆಗೆ, “ರೊಟ್ಟಿ ಹಾಕವ್ವ” ಅಂದರು. ಸೊಸೆ ಒಳಗೆ ಹೋದ ಮೇಲೆ ನನಗೆ, “ಹುಡುಗಿ ವಿಷಯ ನನ್ನ ಬಾಯಿಂದ ಹೊರಗ ಹೋಗೋದಿಲ್ಲ. ಹೋಗು” ಅಂದರು.

ಹೇಳಕೂಡದು ಎಂಬುದನ್ನಷ್ಟೇ ಮಾಸ್ತರೂ ನಾನೂ ಯೋಚಿಸಿದ್ದೆವು. ಅವರು ತಿಂದರೆ ಅದೂ ಹೇಳಿದಂತೆಯೇ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಸೊಸೆ ಖುಷಿಯಲ್ಲಿ ಪಕ್ಕದ ಮನೆಗೆ ಹೇಳಿದರು: ಮಾವ ಎರಡು ರೊಟ್ಟಿ ತಿಂದರು. ಹುಡುಗಿ ಆರು ಜನರಲ್ಲಿ ಸೇರದೆ ಮಾಸ್ತರು ರೊಟ್ಟಿ ಮುಟ್ಟುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಸಂಜೆಯ ಹೊತ್ತಿಗೆ ಶಿಷ್ಯರ ವಾಟ್ಸಾಪ್ ಗುಂಪಿನಲ್ಲಿ ತಂಗಿಯ ಫೋಟೋಕ್ಕೆ ಹೂವಿನ ಚೌಕಟ್ಟು ಬಂದು, ಕೆಳಗೆ ‘ಟಾಪ್ ಸಿಕ್ಸ್’ ಎಂದು ಬರೆದಿತ್ತು. ಹತ್ತಿ ಮಾರ್ಕೆಟ್ಟಿನಲ್ಲಿ ಅಪ್ಪನ ಬಾಯಿಗೆ ಯಾರೋ ಪೇಡೆ ತುರುಕಿದರು. ಪೆದ್ದಕಡುಬೂರಿನಿಂದ ಸೋದರಮಾವ ಫೋನು ಮಾಡಿ ನಮಗೇ ಸುದ್ದಿ ಮುಟ್ಟಿಸಿದರು. ಓಣಿಯ ಹುಡುಗರು ಸರ ಪಟಾಕಿ ಹಚ್ಚಿದರು. ಪ್ರತಿ ಸದ್ದಿಗೂ ಒಳಗೆ ತಂಗಿ ಬೆಚ್ಚುತ್ತಿದ್ದಳು.

“ಯಾರಿಗೆ ಹೇಳಿದಿ?”

“ಮಾಸ್ತರಿಗೆ. ಬಿದ್ದಿದ್ರು.”

“ನನ್ನ ಕೇಳಬೇಕಿತ್ತು.”

“ಕೇಳಿದ್ರ ಬ್ಯಾಡ ಅಂತಿದ್ದಿ.”

“ಅದಕ್ಕೇ ಕೇಳಲಿಲ್ಲೇನು? ವಾದದಾಗ ನೀನು ದೊಡ್ಡಾಕಿ ಬಿಡು.”

ಶುಕ್ರವಾರ ಬೆಳಿಗ್ಗೆ ಬೆಂಗಳೂರಿನಿಂದ ಕರೆ ಬಂತು. ಸ್ಪರ್ಧಿಗಳನ್ನು ನೋಡಿಕೊಳ್ಳುವ ಹುಡುಗಿ. “ನೀವು ಸೆಲೆಕ್ಟ್ ಆಗಿದ್ದೀರ ಅಂತ ನಿಮ್ಮೂರಿಂದ ಪೋಸ್ಟ್ ಓಡಾಡ್ತಿದೆ. ಒಳಗಿನವರೇ ಹೇಳಿದಾರೆ ಅಂತ ಎಲ್ಲ ಅಂದ್ಕೋತಾರೆ. ನಾಳೆ ಎಪಿಸೋಡ್ ಒಳಗೆ ಅದು ನಿಲ್ಲಬೇಕು. ಇಲ್ಲಾಂದ್ರೆ ವಾಪಸ್ ಕರೆಯೋ ಲಿಸ್ಟಲ್ಲಿ ನಿಮ್ಮ ಹೆಸರಿರಲ್ಲ.”

ನಾನು ಫೋನು ಕಿತ್ತುಕೊಂಡೆ. “ನಿಮ್ಮ ಷರತ್ತು ಖರೆ ಹೇಳಬಾರದು ಅಂತ. ಇದು ಸುಳ್ಳು ಸುದ್ದಿ. ಸುಳ್ಳು ಹರಡಿದ್ರ ಗುಟ್ಟು ಹೆಂಗ ಸೋರಿದಂಗಾತು?”

“ಮೇಡಂ, ನಂಗೆ ವಾದ ಬೇಡ. ಪೋಸ್ಟ್ ತೆಗೆಸಿ” ಎಂದು ಇಟ್ಟುಬಿಟ್ಟಳು.

ಹೇಗೆ ತೆಗೆಸುವುದು? ಗೆದ್ದಿಲ್ಲ ಅಂದರೆ ಸೋತಳು ಎಂದಂತೆ. ಮಾಸ್ತರಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ. “ಸಂಜಿಗೆ ಭಜನಿಗೆ ಬಾ” ಅಂದರು.

ಭಜನೆ ಮುಗಿದು ಮಂಗಳಾರತಿಯಾದ ಮೇಲೆ ಅವರು ಹಾರ್ಮೋನಿಯಂ ಮುಚ್ಚಿ ಎದ್ದು ನಿಂತರು. ಐವತ್ತರವತ್ತು ಜನ ಇದ್ದರು. “ಒಂದು ಮಾತು. ನಾನು ರೊಟ್ಟಿ ತಿಂದದ್ದಕ್ಕ ಊರಾಗ ಪಟಾಕಿ ಹಾರಿಸ್ಯಾರ. ತಲಿ ತಿರುಗಿ ಬಿದ್ದೆ, ಎದ್ದೆ, ತಿಂದೆ. ಹರಕಿ ತೀರಿಸಿ ತಿಂದಿಲ್ಲ, ಮುರದು ತಿಂದೀನಿ. ಆ ಫೋಟೋ ತೆಗೀರಿ.”

ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಪರೀಕ್ಷಿಸಿದೆ. ಒಂದರಲ್ಲೂ ಸುಳ್ಳಿರಲಿಲ್ಲ. ಆದರೂ ಆ ಕೋಣೆಯಲ್ಲಿ ಅವರನ್ನು ನೋಡುತ್ತಿದ್ದ ಕಣ್ಣುಗಳು ಬೇರೆಯಾದವು. ಮುಂದಿನ ಸಾಲಿನ ಒಬ್ಬ ಮುದುಕಿ ಕಾಲು ಮುಟ್ಟಲು ಬಗ್ಗಿದ್ದವಳು ಹಾಗೇ ನೆಟ್ಟಗಾದಳು. ಆ ಹೊತ್ತಿಗೆ ನನಗೆ ಮುಂದಿನದು ಹೊಳೆಯಿತು. ನಾಳೆ ಟೀವಿಯಲ್ಲಿ ತಂಗಿ ಸೋಲುತ್ತಾಳೆ. ಈ ಜನ ಎರಡನ್ನೂ ಜೋಡಿಸುತ್ತಾರೆ. ಮಾಸ್ತರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಎದ್ದು ನಿಂತಿದ್ದರು. ಫೋಟೋಗಳು ಆ ಸಂಜೆಯೇ ಮಾಯವಾದವು.

ಶನಿವಾರ ನಮ್ಮ ಪಡಸಾಲೆ ಕಿಕ್ಕಿರಿದಿತ್ತು. ಬರಬೇಡಿರೆಂದು ಯಾರಿಗೂ ಹೇಳುವಂತಿರಲಿಲ್ಲ. ಮಾಸ್ತರು ಬಂದರು, ಬಾಗಿಲ ಹತ್ತಿರ ಕೂತರು. ಅವರ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು. ತಂಗಿ ಅಮ್ಮನಿಗೆ ಅಂಟಿ ಕೂತಿದ್ದಳು. ಪರದೆಯ ಮೇಲೆ ಅವಳು ಹಾಡಿದಳು, ಚೆನ್ನಾಗಿಯೇ ಹಾಡಿದಳು. ಚರಣಕ್ಕೆ ಏರುವಲ್ಲಿ ಒಂದು ಕಡೆ ಉಸಿರು ಸಾಲಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಮಾಸ್ತರ ಕೈ ಅಲ್ಲಿ ನಿಂತದ್ದನ್ನು ನೋಡಿದೆ. ನಿರೂಪಕ ಆರು ಹೆಸರು ಓದಿದ. ಅವಳದಿರಲಿಲ್ಲ.

ಯಾರೋ ಅತ್ತರು. ಎದುರುಮನೆಯಾಕೆ ಅಳಲಿಲ್ಲ. “ಗುರುವಾರ ತಿಂದ್ರು, ಶನಿವಾರ ಕೈಬಿಟ್ಟು ಹೋತು” ಅಂದರು, ಟೀವಿಯ ಕಡೆಯೇ ನೋಡುತ್ತ. “ಎರಡು ದಿನ ತಡಕೊಂಡಿದ್ರ ಆಗ್ತಿರಲಿಲ್ಲೇನು? ಪಾಪ, ಆ ಹುಡುಗಿ ಬಾಳು.”

“ಹೌದ್ರಿ” ಎಂದು ಎರಡು ಮೂರು ಕಡೆಯಿಂದ ದನಿ ಬಂತು.

ಮಾಸ್ತರು ತಲೆ ಎತ್ತಲಿಲ್ಲ. ಆ ಮಾತನ್ನು ಒಂದೇ ತಾರೀಕಿನಿಂದ ಕೊಚ್ಚಿಹಾಕಬಹುದಿತ್ತು. ಆ ತಾರೀಕು ನನ್ನ ನಾಲಗೆಯ ತುದಿಯಲ್ಲಿತ್ತು. ತಂಗಿಯ ಆಸೆ ಉಳಿಯಬೇಕಾದರೆ ಅದನ್ನು ನುಂಗಬೇಕಿತ್ತು. ತಾರೀಕು ಹೇಳದೆಯೂ ಅವರನ್ನು ಪಾರುಮಾಡುವ ವಾಕ್ಯ ಇದ್ದೀತೇ ಎಂದು ನಾನು ಪದ ಜೋಡಿಸುತ್ತಿದ್ದೆ.

ಅಷ್ಟರಲ್ಲಿ ತಂಗಿ ಎದ್ದು ನಿಂತಿದ್ದಳು. “ಸಾರ್ ತಿಂದಿದ್ದಕ್ಕ ನಾ ಸೋತಿಲ್ಲ. ನಾ ಸೋತು ಎರಡು ವಾರ ಆತು. ಶೂಟಿಂಗ್ ಅವತ್ತೇ ಮುಗದಿತ್ತು. ಸಾರ್ ತಿಂದ ದಿನ ನಾ ಇದೇ ಮನ್ಯಾಗ ಕುಂತಿದ್ದೆ.”

ಜಾಹೀರಾತು ಓಡುತ್ತಿತ್ತು. ಮೂಲೆಯಲ್ಲಿ ಇಬ್ಬರು ಆಗಲೇ ಫೋನಿನಲ್ಲಿ ಟೈಪು ಮಾಡುತ್ತಿದ್ದರು. ತಂಗಿ ಅದನ್ನು ನೋಡಿದಳು, ನಿಲ್ಲಿಸಲಿಲ್ಲ.

ಎದುರುಮನೆಯಾಕೆ ನಿಧಾನಕ್ಕೆ ನಮ್ಮ ನಾಲ್ವರನ್ನೂ ನೋಡಿದರು. “ನಿಮಗೆಲ್ಲ ಗೊತ್ತಿತ್ತು? ಗೊತ್ತಿದ್ದೂ ಆ ಸಕ್ಕರಿ ರೋಗದ ಮುದುಕನ್ನ ಉಪವಾಸ ಕೆಡವಿದ್ರಾ?”

ಐದು ವರ್ಷದ ಚರ್ಚೆಗಳಲ್ಲಿ ನನಗೆ ಎದುರಾಗದ ಅಷ್ಟು ಸರಿಯಾದ ಪ್ರಶ್ನೆ ಅದು. ಅಪ್ಪ ನೆಲ ನೋಡಿದರು. ಮಾಸ್ತರು ನಮ್ಮ ಪರವಾಗಿ ಏನೂ ಹೇಳಲಿಲ್ಲ.

ಸೋಮವಾರ ಬೆಂಗಳೂರಿನಿಂದ ಎರಡು ಸಾಲಿನ ಮೆಸೇಜು ಬಂತು. ಪಟ್ಟಿಯಿಂದ ಹೆಸರು ಹೋಗಿತ್ತು. ತಂಗಿ ಓದಿ ಫೋನು ಮಗುಚಿಟ್ಟಳು. ಮರುದಿನ ಪಾಠಕ್ಕೆ ಹೋದಳು. ನಾನು ಹೋಗಲಿಲ್ಲ. ನನ್ನ ತಪ್ಪು ಎಷ್ಟು, ಕಾಗದ ಬರೆಸಿಕೊಂಡವರದು ಎಷ್ಟು, ತಾವೇ ಒಪ್ಪಿ ಹರಕೆ ಹೊತ್ತವರದು ಎಷ್ಟು ಎಂದು ಇನ್ನೂ ಪಾಲು ಹಾಕುತ್ತಿದ್ದೆ.

ಹೋದದ್ದು ಮತ್ತೆರಡು ದಿನ ಬಿಟ್ಟು. ತಂಗಿ ಹಾರ್ಮೋನಿಯಂ ಎದುರು ಕೂತಿದ್ದಳು. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತು, ಕಟ್ಟಿಕೊಂಡು ಹೋದ ವಾದವನ್ನೆಲ್ಲ ಬಿಟ್ಟು, “ತಪ್ಪಾತು ಸಾರ್” ಅಂದೆ.

“ಹೌದು, ತಪ್ಪಾತು” ಅಂದರು ಮಾಸ್ತರು. ಆಮೇಲೆ ತಂಗಿಯ ಕಡೆ ತಿರುಗಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಬೆರಳಿನಿಂದ ತೋರಿಸಿದರು.