ಯಾವ ಚೌಕಕ್ಕೆ ಕುಂಕುಮ?

ನಮ್ಮೂರ ಹಾಲಿನ ಡೈರಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದ ದಿನ ಪೂಜೆಯ ಕೆಲಸ ನನ್ನ ಪಾಲಿಗೆ ಬಂತು. ದೇವರನ್ನು ನೆನೆದು, ಕುಂಕುಮದ ಬಟ್ಟಲು ಹಿಡಿದು, ಎಲ್ಲ ಜೋಡಿಸಲು ಕೋಲಾರದಿಂದ ಬಂದಿದ್ದ ಇಂಜಿನಿಯರ್ ಹುಡುಗಿಯನ್ನು ಕೇಳಿದೆ: "ಇದರಲ್ಲಿ ಮುಖ್ಯವಾದ್ದು ಯಾವುದಮ್ಮಾ? ಅದಕ್ಕೇ ಇಡ್ತೀನಿ."

"ಮುಖ್ಯವಾದ್ದು ಇಲ್ಲಿಲ್ಲ ಸರ್, ದೂರದ ಊರಲ್ಲಿದೆ. ಮೊದ್ಲು ಒಟ್ಟು ಚಿತ್ರ ನೋಡಿ."

ಕರಿಹಲಗೆಯ ಮೇಲೆ ಮೂರು ಚೌಕ ಬರೆದಳು: ಹಾಲು ತೂಗುವ ಯಂತ್ರ, ನಮ್ಮ ಕಂಪ್ಯೂಟರ್, ಲೆಕ್ಕವೆಲ್ಲ ಹೋಗಿ ಸೇರುವ ದೂರದ ಸರ್ವರ್. ನಡುವೆ ಗೆರೆ ಎಳೆದಳು. ನಾನು ವೈರು ಯಾವುದು, ಸ್ವಿಚ್ಚು ಎಲ್ಲಿ ಎಂದು ಕೇಳುತ್ತಾ ಹೋದೆ.

"ಅದೆಲ್ಲ ಇದರಲ್ಲಿ ಬರಲ್ಲ ಸರ್. ಯಾವುದು ಯಾವುದನ್ನ ನಂಬ್ಕೊಂಡಿದೆ ಅನ್ನೋದಷ್ಟೇ ಇಲ್ಲಿ ನೋಡ್ಬೇಕು."

ಕ್ಯಾನ್ ಹಿಡಿದು ಸಾಲಿನಲ್ಲಿದ್ದ ಮುನಿಯಮ್ಮಕ್ಕ ಸುಮ್ಮನಿರಲಿಲ್ಲ. "ಆ ದೂರದ್ದು ಕೆಟ್ರೆ ನಮ್ಮ ಹಾಲು ವಾಪಸ್ ಮನೆಗಾ? ಈ ಬಿಸಿಲಿಗೆ ಒಡೆದೇ ಹೋಗುತ್ತೆ ಕಣಮ್ಮ."

"ಇಲ್ಲಕ್ಕ, ಹಾಲು ತಗೊಳ್ಳೋದು ನಿಲ್ಲಲ್ಲ. ಅಳತೆಯೆಲ್ಲ ಈ ಕಂಪ್ಯೂಟರಲ್ಲೇ ಇರುತ್ತೆ. ನೆಟ್ ಬಂದ್ಮೇಲೆ ಅಲ್ಲಿಗೆ ಹೋಗುತ್ತೆ."

"ಹಂಗಾದ್ರೆ ಇದಕ್ಕೇ ಇಡಪ್ಪ," ಎಂದು ಮುನಿಯಮ್ಮಕ್ಕ ಮೇಜಿನ ಮೇಲಿದ್ದ ಕಂಪ್ಯೂಟರ್ ತೋರಿಸಿದರು. ಚಿತ್ರ ನನ್ನ ತಲೆಗೂ ಆಗಲೇ ಹತ್ತಿದ್ದು. ಕುಂಕುಮ ಇಟ್ಟು ಕಾಯಿ ಒಡೆದೆ. ಸಾಲು ನೆಮ್ಮದಿಯಾಗಿ ಮುಂದೆ ಸರಿಯಿತು.

ಬಟ್ಟಲು ಒಳಗಿಡಲು ಹೊರಟವನನ್ನು ಹುಡುಗಿ ಮೆಲ್ಲಗೆ ಕರೆದು, ಹಲಗೆಯಲ್ಲಿ ಸರ್ವರ್‌ಗೆ ಹೋಗುವ ಗೆರೆ ತೋರಿಸಿದಳು. "ಇದಕ್ಕೂ ಒಂಚೂರು ಇಡಿ ಸರ್. ಜಾಸ್ತಿ ಕೈಕೊಡೋದು ಈ ನೆಟ್ಟೇ."

ಇಟ್ಟೆ. ಅಷ್ಟು ಓದಿದವರೂ ದೇವರ ಪಾಲಿಗೆಂದು ಒಂದು ಗೆರೆ ಬಿಟ್ಟಿರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.