ಲಾಡ್ಜ್ ಹಿಡಿದ ವೈರಿ

ವೈರಿಗಳ ವಿಷಯದಲ್ಲಿ ನಾನು ಕಡುಬಡವ. ತಲೆ ಅರ್ಧ ನರೆತರೂ ಹೇಳಿಕೊಳ್ಳುವಂಥ ಒಬ್ಬನನ್ನೂ ಸಂಪಾದಿಸಿರಲಿಲ್ಲ. ಶತ್ರು ಅನ್ನುವ ಮಾತು ಪುರಾಣಕ್ಕೆ, ಗಡಿಗೆ ಸರಿ. ಹಗೆ ಸಾಧಿಸಲು ನೆನಪಿನ ಶಕ್ತಿ ಬೇಕು. ನನಗೆ ಕನ್ನಡಕ ಇಟ್ಟ ಜಾಗವೇ ನೆನಪಿರುವುದಿಲ್ಲ. ದಾಯಾದಿ ಹುಟ್ಟಿಕೊಳ್ಳಲು ಪಾಲು ಕೇಳುವಂಥ ಆಸ್ತಿಯಾದರೂ ಇರಬೇಕು. ತಿರುವನಂತಪುರದ ನಮ್ಮ ಆಫೀಸಿನಲ್ಲಿ, ಒಳಗೊಳಗೇ ಬುಡ ಅಲ್ಲಾಡಿಸುವ ಸಹೋದ್ಯೋಗಿಯನ್ನು 'ಪಾರ' ಅನ್ನುತ್ತಾರೆ, ಅಂದರೆ ಹಾರೆ. ನನ್ನನ್ನು ಕೀಳಲು ಹಾರೆ ಯಾಕೆ, ಟೂತ್‌ಪಿಕ್ ಸಾಕು ಎಂದು ಯಾರೂ ಆ ಶ್ರಮ ತೆಗೆದುಕೊಂಡಿಲ್ಲ.

ಹೀಗಿರುವಾಗ ಒಬ್ಬ ನನ್ನನ್ನು ವೈರಿ ಎಂದು ಕರೆದ. ಅದೂ ಯಾರು? ಕೊಚ್ಚಿಯ ಗೆಳೆಯ.

ಅವನು ಹುಬ್ಬಳ್ಳಿ ಕಡೆಯವನು, ಕೊಚ್ಚಿಯ ಮಟ್ಟಾಂಚೇರಿ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ನಾನು ಕೊಚ್ಚಿಯಲ್ಲಿದ್ದಷ್ಟು ವರ್ಷ ನಮ್ಮ ಭಾನುವಾರದ ಊಟ ಅವನ ಮನೆಯಲ್ಲೇ. ಕೊಚ್ಚಿ, ತಿರುವನಂತಪುರ ಎರಡೂ ಊರಿನ ಕನ್ನಡಿಗರು ವರ್ಷಕ್ಕೊಮ್ಮೆ ಟೆನಿಸ್ ಬಾಲ್ ಕ್ರಿಕೆಟ್ ಆಡುವ ಪದ್ಧತಿಯಿದೆ. ತಿರುವನಂತಪುರಕ್ಕೆ ವರ್ಗವಾದ ಮೇಲೆ ಆ ಊರಿನ ತಂಡ ನನ್ನನ್ನು ಸೇರಿಸಿಕೊಂಡಿತು, ಬೇರೆ ಯಾರೂ ಸಿಗದ ಕಾರಣಕ್ಕೆ. ಕೊಚ್ಚಿ ತಂಡದ ಕ್ಯಾಪ್ಟನ್ ಆದ ಗೆಳೆಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೆದುರೇ ಬರೆದ: "ಇನ್ನ ಮ್ಯಾಲೆ ನೀ ನಮ್ಮ ವೈರಿ. ನಮ್ಮನಿ ಕಡೆ ಕಾಲಿಟ್ಟೀ ಅಂದ್ರ ನೋಡು!"

ಜೊತೆಗೊಂದು ನಗುವ ಮುಖವನ್ನೂ ಹಾಕಿರಲಿಲ್ಲ.

"ಅವರ ಕಡೆ ಹಂಗೇ ಮಾತಾಡೋದು ರೀ. ಪ್ರೀತಿ ಜಾಸ್ತಿ ಆದಷ್ಟೂ ಬೈತಾರೆ," ಅಂದಳು ಹೆಂಡತಿ.

"ಬೈಗುಳ ಬೇರೆ ಕಣೇ. ಇದು ಮನೆಗೆ ಬರಬೇಡ ಅಂತಿದೆ."

ಮಗಳು ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಅದ್ ತಮಾಶಯಲ್ಲೇ?" ಎಂದಳು. ಕನ್ನಡದ ಚಿಂತೆಗೆ ಮಲಯಾಳದ ಸಮಾಧಾನ, ಅದು ತಮಾಷೆ ತಾನೇ ಅಂತ.

ತಮಾಷೆ ಇರಬಹುದು. ಇಲ್ಲದಿದ್ದರೆ? ಮೈಸೂರು ಕಡೆಯ ನಮಗೆ ಸಿಟ್ಟನ್ನು ಸೂಚ್ಯವಾಗಿ ಹೇಳುವುದು ಗೊತ್ತು, ಪ್ರೀತಿಯನ್ನು ಗದರಿ ಹೇಳುವುದು ಗೊತ್ತಿಲ್ಲ. ಈ ವಯಸ್ಸಿನಲ್ಲಿ ಹೊಸ ಗೆಳೆಯನನ್ನು ಹುಡುಕುವುದು ಬಾಡಿಗೆ ಮನೆ ಹುಡುಕುವುದಕ್ಕಿಂತ ಕಷ್ಟ, ಬ್ರೋಕರೂ ಇರುವುದಿಲ್ಲ. ಅವನನ್ನು ಕಳೆದುಕೊಳ್ಳುವ ಭಯಕ್ಕೆ ಬಹಳ ಯೋಚಿಸಿ, ಯಾರಿಗೂ ನೋವಾಗದಂಥ ಉಪಾಯ ಹುಡುಕಿದೆ. ಪಂದ್ಯದ ಹಿಂದಿನ ಸಂಜೆ ಕೊಚ್ಚಿಗೆ ಹೋಗಿ, ರೈಲ್ವೆ ಸ್ಟೇಷನ್ ಪಕ್ಕದ ಲಾಡ್ಜಿನಲ್ಲಿ ರೂಮು ಹಿಡಿದೆ.

ಬೆಳಿಗ್ಗೆ ಮೈದಾನದಲ್ಲಿ ಗೆಳೆಯ ಕೈಕುಲುಕಿದ. "ನಮಸ್ಕಾರ ಸರ್. ಆರಾಮ ಅದೀರೇನ್ರಿ?"

ಇಷ್ಟು ವರ್ಷ ನನ್ನನ್ನು ಕತ್ತೆ ಅಂದಿದ್ದ, ಹುಚ್ಚ ಅಂದಿದ್ದ. 'ಸರ್' ಅಂತ ಯಾವತ್ತೂ ಅಂದವನಲ್ಲ.

ಪಂದ್ಯದ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ನಾನು ಬ್ಯಾಟು ಹಿಡಿದಾಗ ಅವನೇ ಬೌಲ್ ಮಾಡಿದ, ಸ್ಟಂಪು ಹಾರಿತು. "ಪರವಾಗಿಲ್ರಿ ಸರ್, ಹಿಂಗಾಗ್ತದ," ಎಂದು ಚೆಂಡು ಒರೆಸಿಕೊಳ್ಳುತ್ತ ತಿರುಗಿ ಹೋದ. ಗೇಲಿಯಿಲ್ಲ, ಕೇಕೆಯಿಲ್ಲ. ಆ ಮರ್ಯಾದೆಯ ನೋವಿನ ಮುಂದೆ ಔಟಾದ ದುಃಖ ಮರೆತೇಹೋಯಿತು.

ಊಟದ ಹೊತ್ತಿಗೆ ಅವನ ಹೆಂಡತಿ, ಶೇಂಗಾ ಚಟ್ನಿಯ ಡಬ್ಬಿ ಹಿಡಿದವಳು, ಎಲ್ಲರಿಗೂ ಬಡಿಸಿ ನನ್ನ ತಟ್ಟೆಯ ಮುಂದೆ ನಿಂತಳು.

"ಏನ್ ಅಣ್ಣಾರ, ಲಾಜಿನ್ಯಾಗ ಇಳಕೊಂಡೀರಂತ? ನಿನ್ನೆ ಗಾದಿ ಹಾಸಿ, ರೊಟ್ಟಿ ಬಡದು, ಕಾದು ಕಾದು ಇಬ್ರೂ ಹಂಗ ಕುಂತಿದ್ವಿ."

"ಅತ್ತಿಗೆ, ಅವನೇ ಮನೆ ಕಡೆ ಬರಬೇಡ ಅಂತ..."

"ಬರಬ್ಯಾಡ ಅಂದ್ರ ಬರ್ದಂಗ ಇರ್ತೀಯೇನ್ಲೇ!" ಗೆಳೆಯ ಕೊನೆಗೂ ಸಿಡಿದ. "ವೈರಿ ಆದಾಂವ ಬಾಗಲಾ ಬಡದು, ಒಳಗ ಬಂದು, ಜಗಳಾ ತಗೀತಾನ. ಕೊಚ್ಚಿಗೆ ಬಂದು ಲಾಜಿನ್ಯಾಗ ಉಳಿಯೋರು ಯಾರು ಗೊತ್ತದೇನು? ನನ್ನ ಗಿರಾಕಿಗಳು! ಅವರಿಗೆ ನಾ ಸರ್ ಅಂತೀನಿ. ನೀ ಗಿರಾಕಿ ಆದಿ, ಅದಕ್ಕ ನಿನಗೂ ಅಂದೆ."

ಗಿರಾಕಿ! ನಿಘಂಟಿನ ಯಾವ ವೈರಿಯ ಪಕ್ಕದಲ್ಲೂ ಈ ಪದ ನಾನು ಕಂಡಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. "ಸುಮ್ಮನ ಉಣ್ಣು," ಎಂದು ಗದರಿದ. ಆ ಗದರಿಕೆಗೆ ನನಗಾದ ಸಂತೋಷವನ್ನು ಯಾರಿಗೂ ವಿವರಿಸಲಾರೆ.

ಮಧ್ಯಾಹ್ನ ಅವನೇ ಸ್ಕೂಟರಿನಲ್ಲಿ ಲಾಡ್ಜಿಗೆ ಬಂದು ನನ್ನ ಬ್ಯಾಗನ್ನು ಕಾಲ ಬಳಿ ಇರಿಸಿಕೊಂಡ. ರೈಲು ನಾಳೆಗೆ ಎಂದು ತೀರ್ಮಾನಿಸಿದವನೂ ಅವನೇ. ಮನೆಯಲ್ಲಿ ಗಾದಿ ಹಾಸಿದ ಹಾಗೇ ಇತ್ತು. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದೆ: ನಾನು ಔಟಾದ ರೀತಿಯನ್ನು ಗೆಳೆಯ ಪೊರಕೆ ಹಿಡಿದು ಅಭಿನಯಿಸಿ ತೋರಿಸುತ್ತಿದ್ದ. ಮೈದಾನದಲ್ಲಿ ನುಂಗಿಕೊಂಡ ಗೇಲಿಯನ್ನೆಲ್ಲ ಬಾಕಿ ಉಳಿಯದಂತೆ ಹೊರಗೆ ತೆಗೆದ.

"ಮುಂದಿನ ವರ್ಷ ಇವರನ್ನ ಸೋಲಸ್ರಿ ಅಣ್ಣಾರ," ಎಂದಳು ಅವನ ಹೆಂಡತಿ ಚಹಾ ಕೊಡುತ್ತ. "ಭಾಳ ಹಾರಾಡ್ತಾರ."

"ನೋಡ್ಲೇ, ನನ್ನ ಮನ್ಯಾಗ ನನ್ನ ಕಡೆ ಒಬ್ರೂ ಇಲ್ಲ," ಎಂದು ಅವನು ಪೊರಕೆ ಕೆಳಗಿಟ್ಟ.