ಗಿಟಾರಿಗೊಂದು ಗಟ್ಟಿ ಪಟ್ಟಿ

ಸವಣೂರಿನ ಒಂದು ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗಿನಲ್ಲಿ, ಮೂರನೆಯ ಹಾಡಿನ ನಡುವೆ, ನನ್ನ ಹೆಗಲಿಗಿದ್ದ ಎಲೆಕ್ಟ್ರಿಕ್ ಗಿಟಾರ್ ಪಟ್ಟಿಯಿಂದ ಕಳಚಿಕೊಂಡು ಸ್ಟೇಜಿನ ಮೇಲೆ ಬಿತ್ತು. ಬಿದ್ದ ಸದ್ದು ಸ್ಪೀಕರಿನಲ್ಲಿ ಹತ್ತು ಪಟ್ಟಾಗಿ ಹೊರಬಂತು. ಮುಂದೆ ಕೂತಿದ್ದ ಹುಡುಗರು ಮೊದಲು ಬೆಚ್ಚಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಯಾವ ಹಾಡಿಗೂ ಅವರು ಅಷ್ಟು ಖುಷಿಪಟ್ಟಿರಲಿಲ್ಲ. ನಾನು ಬಗ್ಗಿ ಗಿಟಾರ್ ಎತ್ತಿಕೊಂಡೆ. ಕೆಳಮೂಲೆಯ ಬಣ್ಣ ಹಾರಿತ್ತು, ತಂತಿ ಒಂದೂ ಹರಿದಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಆರ್ಕೆಸ್ಟ್ರಾ ಶಿಗ್ಗಾವಿಯದು. ಅದರ ಮಾಲಕರು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಆಂಪ್ಲಿಫಾಯರನ್ನೂ ಅವರೇ ಕೂಡಿಸಿದ್ದರು. ನಾನು ಹೊಲಿಗೆ ಕ್ಲಾಸಿಗೆಂದು ದುಂಡಸಿಯಿಂದ ದಿನಾ ಬಸ್ಸಿನಲ್ಲಿ ಶಿಗ್ಗಾವಿಗೆ ಬರುತ್ತಿದ್ದೆ. ಕ್ಲಾಸಿನ ಪಕ್ಕದಲ್ಲೇ ಅವರ ಅಂಗಡಿ. ತೊಡೆಯ ಮೇಲೆ ಮಲಗಿಸಿ ಬಾರಿಸುವ ಹವಾಯನ್ ಗಿಟಾರನ್ನು ಮೊದಲು ಅಲ್ಲಿ ಕಲಿತೆ, ಆಮೇಲೆ ಹೆಗಲಿಗೆ ಹಾಕಿಕೊಂಡು ಬಾರಿಸುವುದನ್ನು. ಅವರ ಗಿಟಾರಿನವನಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಾಗ, ಬೇರೆ ಯಾರೂ ಸಿಗದೆ, ಅವನ ಜಾಗಕ್ಕೆ ನನ್ನನ್ನು ಹಾಕಿಕೊಂಡರು. ಹೆಣ್ಣುಮಗಳೊಬ್ಬಳು ಗಿಟಾರ್ ಹಾಕಿಕೊಂಡು ನಿಲ್ಲುವುದನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಸವಣೂರಿನಿಂದ ಮರಳುವಾಗ ಟೆಂಪೋದಲ್ಲಿ ಮಾಲಕರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು, ನನಗೂ ತಿರುಗಿ ಮಾತಾಡಲು ಬರುತ್ತಿತ್ತು.

"ಇನ್ನ ಮ್ಯಾಲೆ ಕುಂತ ಬಾರಸು ತಂಗಿ. ಸ್ಪೀಕರ್ ಡಬ್ಬಿ ಹಿಂದ ಒಂದು ಸ್ಟೂಲ್ ಹಾಕ್ತೇನಿ."

"ಮೊದಲಿನಾಂವ ನಿಂತ ಬಾರಸ್ತಿದ್ದನಲ್ರಿ?"

"ಅಂವ ಗಂಡಸು. ಅಂಗಿ ಮ್ಯಾಲೆ ಪಟ್ಟಿ ಕುಂದರ್ತಿತ್ತು. ನಿನ್ನ ಸೀರಿ ಮ್ಯಾಲೆ ಜಾರತೈತಿ."

ಪಾಪ, ಸೀರೆಯ ತಪ್ಪೇನೂ ಇರಲಿಲ್ಲ. ಗಿಟಾರಿನ ಮೈಗೆ ಎರಡು ಕಡೆ ಅಣಬೆಯಂಥ ಸಣ್ಣ ಲೋಹದ ಗುಂಡಿಗಳಿರುತ್ತವೆ. ಪಟ್ಟಿಯ ಎರಡು ತುದಿಯ ತೂತುಗಳನ್ನು ಅವಕ್ಕೆ ಸಿಕ್ಕಿಸುವುದು, ಅಷ್ಟೇ ಅದರ ಭದ್ರತೆ. ಹಳೆಯ ಪಟ್ಟಿಯ ತೂತು ಸವೆದು ಅಗಲವಾಗಿತ್ತು. ಸ್ಪೀಕರ್ ಡಬ್ಬಿಯ ಹಿಂದೆ ಕೂತರೆ ನಾನು ಇದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ ನಾನು ಇಲ್ಲದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಿಂತೇ ಬಾರಿಸುತ್ತೇನೆ ಎಂದು ಹಟ ಹಿಡಿದೆ.

"ಹಂಗಾರ ಬೀಳದಂಗ ಮಾಡ್ಕೊಂಡ ಬಾ. ಆಮ್ಯಾಲೆ ನೋಡೋಣು," ಎಂದರು ಮಾಲಕರು.

ಬೀಳದಂಥ ಪಟ್ಟಿ ಮಾಡುವ ಮನುಷ್ಯ ನಮ್ಮ ಮನೆಯಲ್ಲೇ ಇದ್ದ. ಅಪ್ಪ ಚರ್ಮದ ಕೆಲಸದವನು. ಚಪ್ಪಲಿ, ಬಾರುಕೋಲು, ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಜತ್ತಿಗೆ, ಇವೆಲ್ಲ ಅವನ ಕೈಯಿಂದಲೇ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಿದ್ದವು. ಆದರೆ ಅವನನ್ನು ಕೇಳಲಿಲ್ಲ. ಯಾಕೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅವನ ಹೊಲಿಗೆ ಕಂಡರೆ ಯಾವ ರೈತನಾದರೂ ಅದು ಯಾರ ಮನೆಯದೆಂದು ಹೇಳಿಬಿಡುತ್ತಿದ್ದ. ಸ್ಟೇಜಿನ ಮೇಲೆ ನಾನು ಬರೀ ಗಿಟಾರಿನವಳಾಗಿರಬೇಕಿತ್ತು, ಚರ್ಮದವರ ಮಗಳಾಗಿ ಅಲ್ಲ.

ಹಾಗಾಗಿ ಊರೆಲ್ಲ ಹುಡುಕಿದೆ. ಮೊದಲು ನೈಲಾನ್ ದಾರದಿಂದ ಗುಂಡಿಯನ್ನೂ ಪಟ್ಟಿಯನ್ನೂ ಸುತ್ತಿ ಬಿಗಿದೆ. ಎರಡು ದಿನದ ಪ್ರಾಕ್ಟೀಸಿಗೆ ಅದು ಸಡಿಲಾಯಿತು. ಆಮೇಲೆ ಗೋಲಿ ಸೋಡಾದ ಬಾಟಲಿಯ ಬಾಯೊಳಗೆ ಇರುತ್ತದಲ್ಲ ರಬ್ಬರಿನ ಉಂಗುರ, ಅದನ್ನು ಸೋಡಾ ಅಂಗಡಿಯವನಿಂದ ಎರಡು ಇಸಿದುಕೊಂಡು ಬಂದೆ. ಪಟ್ಟಿ ಸಿಕ್ಕಿಸಿದ ಮೇಲೆ ಉಂಗುರವನ್ನು ಗುಂಡಿಯ ಕೊರಳಿಗೆ ಏರಿಸಿದರೆ ಪಟ್ಟಿ ಹೊರಬರುವುದಿಲ್ಲ. ಬಹಳ ಜಾಣೆಯಾದೆನೆಂದು ಬೀಗಿದೆ. ಬಿಸಿಲಿನಲ್ಲಿ ಎರಡು ಪ್ರಯಾಣ ಮಾಡುವಷ್ಟರಲ್ಲಿ ರಬ್ಬರು ಬಿರಿದು ಕೈಗೆ ಬಂತು. ಸದ್ಯ ಆಗ ಗಿಟಾರ್ ನನ್ನ ಮಡಿಲಲ್ಲಿತ್ತು.

ಸಿಟ್ಟು ನೆತ್ತಿಗೇರಿತು. ಶಿಗ್ಗಾವಿಯ ಸೈಕಲ್ ಅಂಗಡಿಗೆ ಹೋಗಿ ಗುಂಡಿಗಳನ್ನೇ ಕಿತ್ತು ಹಾಕಿಸಿ, ಅಲ್ಲಿ ಉದ್ದನೆಯ ಸ್ಕ್ರೂ ಕೂಡಿಸಿ, ಪಟ್ಟಿಯ ಮೇಲೆ ವಾಷರ್ ಇಟ್ಟು ನಟ್ಟು ಬಿಗಿಸಿದೆ. "ಇನ್ನ ಎತ್ತು ಜಗ್ಗಿದ್ರೂ ಬರೂದಿಲ್ಲ ನೋಡವ್ವಾ," ಎಂದ ಅಂಗಡಿಯವನು. ಅದು ನಿಜವೇ ಆಗಿತ್ತು. ಮಾಲಕರು ಎರಡೂ ಕೈಯಿಂದ ಎಳೆದು ನೋಡಿ, ಸರಿ ಎಂದು ತಲೆಯಾಡಿಸಿದರು.

ಮುಂದಿನ ಕಾರ್ಯಕ್ರಮ ಹಿರೇಕೆರೂರಿನ ಒಂದು ಮದುವೆಯಲ್ಲಿ. ಮಧ್ಯಾಹ್ನ ಒಂದು ಮಳೆ ಬಂದು ಹೋಗಿ ಸ್ಟೇಜಿನ ಹಲಗೆಗಳು ಒದ್ದೆಯಾಗಿದ್ದವು. ಸ್ಟೇಜಿನ ಮೂಲೆಯಲ್ಲಿ ದೇವರ ಫೋಟೋ, ಊದಿನಕಡ್ಡಿ. ನಾನು ಎಂದಿನಂತೆ ಚಪ್ಪಲಿ ಕೆಳಗೆ ಬಿಟ್ಟು ಹತ್ತಿದೆ. ಗಂಡಸರು ಬೂಟಿನಲ್ಲೇ ಹತ್ತಿದರು, ಅವರಿಗೆ ದೇವರು ಮಾಫಿ ಕೊಟ್ಟಿದ್ದನೇನೋ. ಎರಡನೆಯ ಹಾಡಿಗೆ ದನಿಗೂಡಿಸಲು ಮೈಕಿಗೆ ತುಟಿ ತಾಗಿಸಿದೆ. ತುಟಿಯಿಂದ ಬೆರಳಿನವರೆಗೆ ಕರೆಂಟು ಹೊಡೆಯಿತು. ತಂತಿಗಳ ಮೇಲಿದ್ದ ಎಡಗೈ ಮುಷ್ಟಿಯಾಗಿ ಬಿಗಿದುಕೊಂಡಿತು, ಬಿಡಿಸಲು ಬರಲಿಲ್ಲ. ಪಕ್ಕದಲ್ಲಿ ಹಾಡುತ್ತಿದ್ದವನು ನನ್ನ ಹೆಗಲ ಪಟ್ಟಿ ಹಿಡಿದು ಗಿಟಾರ್ ಕೀಳಲು ನೋಡಿದ. ನಟ್ಟು ಬಿಗಿದಿತ್ತು, ಅದು ಎಲ್ಲಿ ಬಂದೀತು. ಮಾಲಕರು ಓಡಿಹೋಗಿ ಬೋರ್ಡಿನ ವೈರು ಕಿತ್ತರು.

ನಾನು ಅಲ್ಲೇ ಕುಸಿದು ಕೂತೆ. ಗಿಟಾರ್ ಇನ್ನೂ ಹೆಗಲಲ್ಲೇ ಇತ್ತು, ಎಳೆದಾಟದಲ್ಲಿ ಪಟ್ಟಿ ಜಡೆಗೂ ಸೆರಗಿಗೂ ಸಿಕ್ಕಿಕೊಂಡು ತಲೆ ದಾಟಿ ಬರುತ್ತಿರಲಿಲ್ಲ. ನಟ್ಟು ಬಿಚ್ಚಲು ಮದುವೆಮನೆಯವರು ಊರೆಲ್ಲ ಪಾನಾ ಹುಡುಕಿದರು. ಅಷ್ಟು ಹೊತ್ತು ಬೀಗರೆಲ್ಲ ನನ್ನ ಸುತ್ತ ನಿಂತು ನೀರು ಕುಡಿಸಿದರು, ಗಾಳಿ ಹಾಕಿದರು.

ಮಾಲಕರು ಮರುದಿನವೇ ಆಂಪ್ಲಿಫಾಯರಿಗೆ ಅರ್ಥಿಂಗ್ ಕೊಟ್ಟರು, ಇನ್ನು ಚಪ್ಪಲಿ ಬಿಡಬೇಡವೆಂದರು. ಸ್ಟೂಲಿನ ಮಾತನ್ನೂ ಮತ್ತೆ ತೆಗೆದರು. ನಾನು ಗಿಟಾರನ್ನು ಬಗಲಲ್ಲಿ ಇರುಕಿಕೊಂಡು ದುಂಡಸಿಯ ಬಸ್ಸು ಹತ್ತಿದೆ. ಮನೆಯಲ್ಲಿ ಅಪ್ಪ ನನ್ನ ಬೆರಳಿನ ಸುಟ್ಟ ಗೆರೆ ನೋಡಿದ, ಆಮೇಲೆ ಗಿಟಾರಿನ ನಟ್ಟು ನೋಡಿದ.

"ಇದನ್ನ ಬಿಚ್ಚೂದು ಹೆಂಗ?"

"ಪಾನಾದಲೆ."

"ಎತ್ತು ಮುಗ್ಗರಿಸಿ ಬಿತ್ತಂದ್ರ, ಪಾನಾ ತರಾಕ ಮನಿಗೆ ಓಡ್ತಾರೇನು? ಜತ್ತಗಿ ದಿನಾ ಹಿಡದಿರಬೇಕು, ಬಿದ್ದಾಗ ಒಂದ ಜಗ್ಗಿಗೆ ಬಿಡಬೇಕು. ಇಲ್ಲಂದ್ರ ಅದು ಕೊರಳಿಗೆ ಉರಲ ಆಕ್ಕೈತಿ."

ಇಷ್ಟು ದಿನ ತನ್ನನ್ನು ಯಾಕೆ ಕೇಳಲಿಲ್ಲವೆಂದು ಅವನು ಕೇಳಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ. ಅವನು ಸುಮ್ಮನೆ ಚರ್ಮದ ಗಂಟು ಬಿಚ್ಚಿದಾಗ ನನಗೆ ಅಳು ಬಂತು. ಒಳಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

"ಹಾಕ್ಕೊಂಡ ನಿಂದರು. ಬಾರಸು. ಯಾವ ಕಡೆ ಜಗ್ತೈತಿ ನೋಡತೇನಿ," ಎಂದ. ನಾನು ಅಂಗಳದಲ್ಲಿ ನಿಂತು ಕರೆಂಟಿಲ್ಲದ ಗಿಟಾರನ್ನು ಟಿಂವ್ ಟಿಂವ್ ಎಂದು ಬಾರಿಸಿದೆ. ಅವನು ಸುತ್ತ ತಿರುಗುತ್ತ ಹೆಗಲು ನೋಡಿದ, ಸೊಂಟ ನೋಡಿದ, ನಾನು ಬಗ್ಗಿದಾಗ ಪಟ್ಟಿ ಎತ್ತ ಹೊರಳುತ್ತದೆಂದು ನೋಡಿದ. ಹಾಡಿನ ಕಡೆ ಅವನ ಕಿವಿಯೇ ಇರಲಿಲ್ಲ. ಆಮೇಲೆ ಹಳೆಯ ಗುಂಡಿಗಳನ್ನೇ ಮತ್ತೆ ಹಾಕಿಸಿಕೊಂಡು ಬಾ ಎಂದ.

ಎಮ್ಮೆಯ ಚರ್ಮದ ಎರಡು ಪದರ ಸೇರಿಸಿ ಹೊಲಿದ. ತುದಿಯ ತೂತು ಬೀಗದ ಕಿಂಡಿಯ ಹಾಗಿತ್ತು, ಒಂದು ಕಡೆ ಅಗಲ, ಒಂದು ಕಡೆ ಸಂದು. ಅಗಲದಲ್ಲಿ ಗುಂಡಿಯ ತಲೆ ತೂರಿಸಿ ಸಂದಿಗೆ ಸರಿಸಬೇಕು. ಸರಿಸಿದ ಮೇಲೆ ಅಗಲದ ಕಡೆ ಎಮ್ಮೆ ಕೊಂಬಿನ ಒಂದು ಸಣ್ಣ ಬೆಣೆ ಒತ್ತಬೇಕು. ಬೆಣೆ ಇರುವವರೆಗೆ ಗುಂಡಿ ಹಿಂದೆ ಸರಿಯುವುದಿಲ್ಲ. ಬೆಣೆಗೆ ಒಂದು ಕಿರುಬಾರು ಕಟ್ಟಿತ್ತು, ಅದನ್ನು ಜಗ್ಗಿದರೆ ಎಲ್ಲ ಬಿಚ್ಚುತ್ತಿತ್ತು. ಒಂದು ಮರದ ತುಂಡಿಗೆ ಅಂಥದೇ ಗುಂಡಿ ಬಡಿದು, ತೊಲೆಗೆ ತೂಗುಹಾಕಿ, ಗುಂಡಿಗೆ ಪಟ್ಟಿ ಸಿಕ್ಕಿಸಿ, ಪಟ್ಟಿಗೆ ಬೀಸುವ ಕಲ್ಲನ್ನು ಒಂದು ಹಗಲಿಡೀ ಜೋತುಬಿಟ್ಟೆವು. ಸಂಜೆ ನಾನೇ ಕಿರುಬಾರು ಜಗ್ಗಿದೆ. ಕಲ್ಲು ಧೊಪ್ಪೆಂದು ನೆಲಕ್ಕೆ ಬಿತ್ತು. ಅಪ್ಪ ಮೊದಲ ಸಲ ನಕ್ಕ.

ಹಾನಗಲ್ಲಿನ ಒಂದು ಶಾಲೆಯ ಗ್ಯಾದರಿಂಗಿಗೆ ಹೊರಟಾಗ ಮಾಲಕರು ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಿಂತ ಬಾರಸ್ತೇನ್ರಿ," ಎಂದೆ.

"ಬಿದ್ರ?"

"ಬಿದ್ರ ನಾ ಮತ್ತ ಗಿಟಾರ್ ಮುಟ್ಟೂದಿಲ್ರಿ."

ಅವರು ಪಟ್ಟಿಯನ್ನು ನನ್ನ ಕೈಗೆ ಮರಳಿ ಕೊಟ್ಟು, "ಆತು. ಯಾರರ ಕೇಳಿದ್ರ ಹುಬ್ಬಳ್ಯಾಗ ತೊಗೊಂಡೇವಿ ಅನ್ನು," ಎಂದರು. ನಾನು ಹೂಂ ಎಂದೆ. ಹೂಂ ಅಂದಿದ್ದು ನಿಜ, ಮುಚ್ಚಿಟ್ಟು ಏನು ಉಪಯೋಗ.

ಹನ್ನೊಂದು ಹಾಡು. ಮೊದಲ ನಾಲ್ಕು ಹಾಡು ನನ್ನ ಎಡಗೈ ಗಿಟಾರಿನ ಕುತ್ತಿಗೆಯನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದಿತ್ತು. ಐದನೆಯ ಹಾಡಿಗೆ ಬೆರಳು ಸಡಿಲಾಯಿತು. ಎಂಟನೆಯ ಹಾಡಿನಲ್ಲಿ ನಾನು ಸ್ಟೇಜಿನ ಅಂಚಿನವರೆಗೆ ನಡೆದುಹೋದೆ. ಹುಡುಗಿಯರ ಸಾಲಿನಿಂದ ಸಿಳ್ಳೆ ಬಂತು. ಅಪ್ಪ ಬೇರೆ ಬಸ್ಸಿಗೆ ಬಂದು ಎಲ್ಲರ ಹಿಂದೆ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಅಷ್ಟು ದೂರದಿಂದಲೂ ತಿಳಿಯುತ್ತಿತ್ತು, ಅವನು ನನ್ನ ಮುಖ ನೋಡುತ್ತಿರಲಿಲ್ಲ, ಹೆಗಲು ನೋಡುತ್ತಿದ್ದ.

ಹಾಡೆಲ್ಲ ಮುಗಿದ ಮೇಲೆ ಹೆಡ್‌ಮಾಸ್ತರರು ಸ್ಟೇಜಿಗೆ ಬಂದರು. ಕೈಯಲ್ಲಿ ಮೈಕಿತ್ತು, ಊರಿಗೆಲ್ಲ ಕೇಳುತ್ತಿತ್ತು. "ಇಷ್ಟ ಭಾರದ್ದು ಹಾಕ್ಕೊಂಡು ಅಡ್ಡಾಡಿದಿರಿ. ಪಟ್ಟಿ ಭಾಳ ಛಲೋ ಐತಿ. ಎಲ್ಲಿ ತೊಗೊಂಡ್ರಿ?" ಎಂದು ನನ್ನನ್ನು ಕೇಳಿದರು.

ಮಾಲಕರು ಹಿಂದಿನಿಂದ, "ಹುಬ್ಬಳ್ಳಿದ್ರಿ," ಎಂದರು.

"ಅಲ್ರಿ," ಎಂದೆ. ಗಿಟಾರಿನಿಂದ ಎರಡೂ ಕೈ ತೆಗೆದೆ. ಅದು ಇದ್ದಲ್ಲೇ ಇತ್ತು. ಬಲಗೈಯನ್ನು ಬೇವಿನ ಮರದ ಕಡೆಗೆ ಚಾಚಿ, ಎಲ್ಲರೂ ಹೊರಳಿ ನೋಡುವವರೆಗೆ ಹಾಗೇ ಹಿಡಿದಿದ್ದೆ.

"ದುಂಡಸಿದ್ದು. ನಮ್ಮಪ್ಪ ಮಾಡಿದ್ದು. ಅಲ್ಲೇ ನಿಂತಾರ ನೋಡ್ರಿ."